‘ಸ್ವಲ್ಪ ತಡಿ ಅಣ್ಣ, ಹೊಸದು ಬರುತ್ತೆ!’

ಮನೆಯಲ್ಲಿ ಒಬ್ಬ ಬಿ.ಇ. ಓದುತ್ತಿದ್ದಾನೆ ಅಂದರೆ ಸಾಕು, ಬಂಧು ಬಳಗಕ್ಕೆಲ್ಲ ಅವನೇ ಕಂಪ್ಯೂಟರ್ ಡಾಕ್ಟರ್. ಪ್ರಿಂಟರ್ ಕೆಟ್ಟರೂ ಅವನಿಗೇ ಫೋನು, ವೈಫೈ ಬರದಿದ್ದರೂ ಅವನಿಗೇ ಫೋನು. ನಾನು ಕಾಲೇಜು ಸೇರಿದ ಮೊದಲ ವರ್ಷವೇ ನನಗೂ ಈ ಪಟ್ಟ ಕಟ್ಟಿದ್ದರು. ಹಾಗಾಗಿ 2024ರ ಮೇ ತಿಂಗಳಲ್ಲಿ ದೊಡ್ಡಪ್ಪನ ಮಗ ತಿಪಟೂರಿನಿಂದ ಫೋನ್ ಮಾಡಿ ಸಲಹೆ ಕೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ, ಹೆಮ್ಮೆಯೇ ಆಯಿತು.

ಅಣ್ಣನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಅವನ ಹಳೆಯ ಡೆಸ್ಕ್‌ಟಾಪ್ 4ಕೆ ವಿಡಿಯೊ ಕಂಡರೆ ಬೆವರುತ್ತಿತ್ತು. ಒಂದು ಮದುವೆಯ ಫೈಲ್ ತಯಾರಾಗಲು ರಾತ್ರಿಯಿಡೀ ಬೇಕಿತ್ತು. ಎರಡು ಲಕ್ಷ ರೂಪಾಯಿ ಕೂಡಿಟ್ಟು, ‘ಮ್ಯಾಕ್ ಸ್ಟುಡಿಯೊ ತಗೊಳ್ಳಲೇನೋ?’ ಎಂದು ಕೇಳಿದ. ನಾನು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ: ‘ಸ್ವಲ್ಪ ತಡಿ ಅಣ್ಣ, ಹೊಸದು ಬರುತ್ತೆ!’

ನನ್ನ ಲೆಕ್ಕಾಚಾರ ಸರಳವಾಗಿತ್ತು. ಹಿಂದಿನ ಮಾಡೆಲ್ 2023ರ ಜೂನ್‌ನಲ್ಲಿ ಆ್ಯಪಲ್‌ನ ವಾರ್ಷಿಕ ಸಮ್ಮೇಳನದಲ್ಲಿ ಬಂದಿತ್ತು. ವರ್ಷ ಆಯಿತಲ್ಲ, ಈ ಜೂನ್‌ಗೆ ಇನ್ನೊಂದು ಬಂದೇ ಬರುತ್ತದೆ! ಆದರೆ 2024ರ ಜೂನ್ ಸಮ್ಮೇಳನದಲ್ಲಿ ಬರೀ ಸಾಫ್ಟ್‌ವೇರ್ ಬಂತು, ಒಂದೇ ಒಂದು ಹೊಸ ಕಂಪ್ಯೂಟರ್ ಬರಲಿಲ್ಲ. ‘ಅಕ್ಟೋಬರ್‌ನಲ್ಲಿ ಬರಬಹುದು’ ಎಂದೆ. ಅಕ್ಟೋಬರ್‌ನಲ್ಲಿ ಪುಟ್ಟ ಮ್ಯಾಕ್ ಮಿನಿ ಬಂತು, ಸ್ಟುಡಿಯೊ ಬರಲಿಲ್ಲ. ‘ಇನ್ನೇನು ಬಂದೇಬಿಡ್ತು’ ಎಂದೆ. ಅಷ್ಟರಲ್ಲಿ ತುಳಸಿ ಹಬ್ಬ ಮುಗಿದು ಮದುವೆ ಸೀಸನ್ ಶುರುವಾಗಿತ್ತು. ಅಣ್ಣ ಹಳೆ ಮಶೀನಿನಲ್ಲೇ ಗುದ್ದಾಡಿದ. ಎರಡು ಮನೆಯವರಿಗೆ ವಿಡಿಯೊ ತಡವಾಯಿತು, ಬೈಗುಳ ತಿಂದ. ಮೂರನೆಯವರು ಆರ್ಡರ್ ಕೊಟ್ಟವರೇ ವಾಪಸ್ ಪಡೆದರು.

ಹೊಸ ಮ್ಯಾಕ್ ಸ್ಟುಡಿಯೊ ಘೋಷಣೆಯಾಗಿದ್ದು 2025ರ ಮಾರ್ಚ್ 5ರಂದು. ಹಳೆಯದರ ಆರಂಭಿಕ ಬೆಲೆ 2,09,900 ರೂಪಾಯಿ ಇತ್ತು, ಹೊಸದರದು 2,14,900. ಕಾದಿದ್ದಕ್ಕೆ ಬೆಲೆಯೂ ಇಳಿಯಲಿಲ್ಲ.

ಎಲ್ಲಿ ಎಡವಿದೆ ಅಂತ ಯೋಚಿಸುತ್ತಾ, ವೃತ್ತಿಪರರ ಡೆಸ್ಕ್‌ಟಾಪ್‌ಗಳ ಸುತ್ತ ಹುಟ್ಟುವ ಊಹಾಪೋಹಗಳ ಇತಿಹಾಸ ಕೆದಕಿದೆ. ಅಲ್ಲಿ ನನಗಿಂತ ದೊಡ್ಡದಾಗಿ ಮೋಸಹೋದವರು, ನನಗಿಂತ ಹೆಚ್ಚು ಕಾದವರು ಸಾಲುಗಟ್ಟಿ ನಿಂತಿದ್ದರು. ಅವರೆಲ್ಲ ಕಾದದ್ದು ಮ್ಯಾಕ್ ಪ್ರೊ ಎಂಬ ಯಂತ್ರಕ್ಕಾಗಿ.

2013ರಲ್ಲಿ ಆ್ಯಪಲ್ ಕಪ್ಪು ಸಿಲಿಂಡರ್ ಆಕಾರದ ಮ್ಯಾಕ್ ಪ್ರೊ ತಂದಿತು. ನೋಡಲು ಚೆಂದ, ಆದರೆ ಒಳಗೆ ಬಿಸಿ ಹೊರಹಾಕುವ ವ್ಯವಸ್ಥೆಯನ್ನು ಎರಡು ಸಣ್ಣ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ತಕ್ಕಂತೆ ಮಾಡಿದ್ದರು. ಜಗತ್ತು ಒಂದೇ ದೊಡ್ಡ, ಹೆಚ್ಚು ಬಿಸಿಯಾಗುವ ಗ್ರಾಫಿಕ್ಸ್ ಕಾರ್ಡ್ ಕಡೆ ಹೊರಳಿತು. ಈ ಡಬ್ಬಿಯೊಳಗೆ ಅದಕ್ಕೆ ಜಾಗವಿರಲಿಲ್ಲ. ಪ್ರತಿವರ್ಷ ‘ಈ ಸಲ ಹೊಸದು’ ಎಂಬ ಸುದ್ದಿ ಹಬ್ಬುತ್ತಿತ್ತು, ಏನೂ ಬರುತ್ತಿರಲಿಲ್ಲ. ಕೊನೆಗೆ 2017ರ ಏಪ್ರಿಲ್‌ನಲ್ಲಿ ಕಂಪನಿಯ ಹಿರಿಯರೇ ಕೆಲವು ಪತ್ರಕರ್ತರನ್ನು ಕರೆದು, ವಿನ್ಯಾಸದಲ್ಲಿ ಎಡವಿದ್ದೇವೆ, ಹೊಸದನ್ನು ಮೊದಲಿನಿಂದ ಮಾಡುತ್ತಿದ್ದೇವೆ ಎಂದು ಒಪ್ಪಿಕೊಂಡರು.

ಆ ಹೊಸದು ಮಾರುಕಟ್ಟೆಗೆ ಬಂದಿದ್ದು 2019ರ ಡಿಸೆಂಬರ್‌ನಲ್ಲಿ. ಆರಂಭಿಕ ಬೆಲೆ 5,999 ಡಾಲರ್! ಸಿಲಿಂಡರ್ ಮಾಡೆಲ್ ಶುರುವಾಗಿದ್ದು 2,999 ಡಾಲರ್‌ಗೆ. ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು. ಜೊತೆಗೆ ಬಂದ ಮಾನಿಟರ್‌ಗೆ 4,999 ಡಾಲರ್, ಅದನ್ನು ನಿಲ್ಲಿಸುವ ಸ್ಟ್ಯಾಂಡ್‌ಗೇ 999 ಡಾಲರ್. ಕಂಪ್ಯೂಟರಿಗೆ ಚಕ್ರ ಬೇಕೆಂದರೆ ಮತ್ತೆ 400 ಡಾಲರ್. ಆರು ವರ್ಷ ಕಾದಿದ್ದ ಎಷ್ಟೋ ಸಣ್ಣ ಸ್ಟುಡಿಯೊಗಳ ಕೈಗೆ ಎಟುಕದ ಬೆಲೆ ಅದು.

ತಮಾಷೆ ಅಂದರೆ, ಅದು ಬಂದ ಆರೇ ತಿಂಗಳಿಗೆ, 2020ರ ಜೂನ್‌ನಲ್ಲಿ, ಇಂಟೆಲ್ ಚಿಪ್ ಬಿಟ್ಟು ತನ್ನದೇ ಚಿಪ್‌ಗೆ ಹೋಗುವುದಾಗಿ ಆ್ಯಪಲ್ ಘೋಷಿಸಿತು. ಕೊಂಡವರು ತಲೆ ಮೇಲೆ ಕೈಹೊತ್ತರು. ಮತ್ತೆ ಊಹೆಗಳ ಸುಗ್ಗಿ. ಈ ಸಲದ ಸುದ್ದಿ, ನಾಲ್ಕು ಚಿಪ್ ಒಟ್ಟಿಗೆ ಬೆಸೆದ ದೈತ್ಯ ಬರುತ್ತಿದೆ ಎಂದು. 2022ರ ಕೊನೆಗೆ ಅದು ರದ್ದಾಗಿದೆ ಎಂಬ ವರದಿ ಬಂತು. 2023ರ ಜೂನ್‌ನಲ್ಲಿ ಬಂದ ಮ್ಯಾಕ್ ಪ್ರೊದಲ್ಲಿ ಇದ್ದದ್ದು ಎರಡು ಚಿಪ್ ಬೆಸೆದ ಎಂ2 ಅಲ್ಟ್ರಾ. ಅದೇ ಚಿಪ್, ಅಷ್ಟೇ ಮೆಮೊರಿ ಇದ್ದ ಮ್ಯಾಕ್ ಸ್ಟುಡಿಯೊಗೆ 3,999 ಡಾಲರ್, ಮ್ಯಾಕ್ ಪ್ರೊಗೆ 6,999. ಹೆಚ್ಚಿನ ಮೂರು ಸಾವಿರ ಡಾಲರ್‌ಗೆ ಸಿಗುವ ಮುಖ್ಯ ಸಂಗತಿ ಎಂದರೆ ಕಾರ್ಡ್ ಹಾಕುವ ಸ್ಲಾಟ್‌ಗಳು. ಆ ಸ್ಲಾಟ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಹಾಕುವಂತಿಲ್ಲ, ಮೆಮೊರಿಯನ್ನೂ ಆಮೇಲೆ ಹೆಚ್ಚಿಸುವಂತಿಲ್ಲ!

ಹಾಗಾದರೆ ಈ ಊಹೆಗಳೆಲ್ಲ ಬರೀ ಸುಳ್ಳೇ? ಅಲ್ಲ. ಅವಕ್ಕೂ ಬೇರುಗಳಿವೆ. ಬಿಡಿಭಾಗ ಮಾಡುವ ಕಾರ್ಖಾನೆಗಳ ಆರ್ಡರ್‌ಗಳು, ಪರೀಕ್ಷಾರ್ಥ ಸಾಫ್ಟ್‌ವೇರ್‌ನೊಳಗೆ ಉಳಿದುಹೋದ ಮಾಡೆಲ್ ಹೆಸರುಗಳು, ವೇಗ ಅಳೆಯುವ ಆ್ಯಪ್‌ಗಳಲ್ಲಿ ಸೋರಿಕೆಯಾದ ಅಂಕಗಳು, ಸರ್ಕಾರಿ ಅನುಮತಿಗಾಗಿ ಸಲ್ಲಿಸಿದ ದಾಖಲೆಗಳು. ನಮ್ಮ ದೇಶದ ಬಿಐಎಸ್ ನೋಂದಣಿ ನೋಡಿಯೇ ಎಷ್ಟೋ ಮೊಬೈಲ್‌ಗಳ ಸುದ್ದಿ ಮೊದಲು ಹೊರಬೀಳುತ್ತದೆ. ಇವೆಲ್ಲ ‘ಏನೋ ತಯಾರಾಗುತ್ತಿದೆ’ ಎಂದು ಹೇಳಬಲ್ಲವು. ‘ಯಾವಾಗ’, ‘ಎಷ್ಟಕ್ಕೆ’ ಎಂಬುದು ಮಾತ್ರ ಕೊನೆಯ ಗಳಿಗೆಯವರೆಗೂ ಬದಲಾಗಬಹುದು. ನಾವು ಕೊಳ್ಳುವವರಿಗೆ ಬೇಕಾಗಿರುವುದು ಆ ಎರಡೇ.

ಬೆಲೆಯ ಊಹೆಯಲ್ಲಿ ನಮ್ಮವರು ಇನ್ನೊಂದು ತಪ್ಪು ಮಾಡುತ್ತೇವೆ. ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ ಸುಮ್ಮನಾಗುತ್ತೇವೆ. 2023ರ ಮ್ಯಾಕ್ ಪ್ರೊವನ್ನೇ ನೋಡಿ. ಡಾಲರ್‌ಗೆ 82.50 ರೂಪಾಯಿ ಎಂದುಕೊಂಡರೆ 6,999 ಡಾಲರ್ ಸುಮಾರು 5.77 ಲಕ್ಷ. ಅಮೆರಿಕದಲ್ಲಿ ಹೇಳುವ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ, ನಮ್ಮಲ್ಲಿ ಶೇ 18 ಜಿಎಸ್‌ಟಿ ಸೇರಿಸಿಯೇ ಹೇಳುತ್ತಾರೆ. ಆಗ 6.81 ಲಕ್ಷ ಆಗುತ್ತದೆ. ಆದರೆ ಇಲ್ಲಿ ನಿಗದಿಯಾದ ಬೆಲೆ 7,29,900. ಗುಣಾಕಾರದ ನಮ್ಮ ಮೊದಲ ಊಹೆಗೂ ಬಿಲ್ಲಿಗೂ ಒಂದೂವರೆ ಲಕ್ಷದ ಅಂತರ!

ಇದೆಲ್ಲ ಓದಿದ ಮೇಲೆ ನನಗೆ ನಮ್ಮ ಹಾಸ್ಟೆಲ್ ನೆನಪಾಯಿತು. ‘ಮುಂದಿನ ತಿಂಗಳು ದೊಡ್ಡ ಕಂಪನಿ ಕ್ಯಾಂಪಸ್‌ಗೆ ಬರುತ್ತಂತೆ, ಹನ್ನೆರಡು ಲಕ್ಷದ ಪ್ಯಾಕೇಜಂತೆ’ ಎಂದು ಹಬ್ಬುವ ಸುದ್ದಿಯೂ ಇದೇ ಜಾತಿಯದು. ಆ ‘ಅಂತೆ’ ನಂಬಿ, ಬಾಗಿಲಿಗೆ ಬಂದ ಇಂಟರ್‌ವ್ಯೂಗೆ ಹೋಗದೆ ಕೂತ ಸೀನಿಯರ್‌ಗಳನ್ನು ನಾನೇ ನೋಡಿದ್ದೇನೆ.

ಕಾಯುವುದೇ ತಪ್ಪು ಎನ್ನುತ್ತಿಲ್ಲ. ಹಳೆಯದರಲ್ಲಿ ಕೆಲಸ ನಡೆಯುತ್ತಿದ್ದರೆ ಧಾರಾಳವಾಗಿ ಕಾಯಬಹುದು. ಕೆಲಸ ನಿಂತಿದ್ದರೆ, ಕಾಯುವ ಪ್ರತಿ ತಿಂಗಳಿಗೂ ಒಂದು ಬೆಲೆಯಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ‘ಇವತ್ತು ಕೊಂಡರೆ ನಾಳೆ ಹಳತಾಗುತ್ತೆ’ ಎಂಬ ಭಯವೂ ಅಷ್ಟೇನೂ ನಿಜವಲ್ಲ. ಆರೇ ತಿಂಗಳಿಗೆ ಹಳತಾಯಿತು ಎಂದು ಎಲ್ಲರೂ ಮರುಗಿದ ಆ 2019ರ ಮ್ಯಾಕ್ ಪ್ರೊಗೆ 2025ರ ಮ್ಯಾಕ್‌ಓಎಸ್ ಕೂಡ ಸಿಕ್ಕಿದೆ. ಅದನ್ನು ಕೊಂಡು ಕೆಲಸ ಮಾಡಿದವರು ಅಷ್ಟು ವರ್ಷ ದುಡಿದಿದ್ದಾರೆ.

ಅಂದಹಾಗೆ, ಅಣ್ಣ ಮಾರ್ಚ್‌ವರೆಗೆ ಕಾಯಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ನನ್ನನ್ನು ಕೇಳದೇ 1,49,900 ರೂಪಾಯಿ ಕೊಟ್ಟು ಎಂ4 ಪ್ರೊ ಚಿಪ್‌ನ ಮ್ಯಾಕ್ ಮಿನಿ ತಂದುಬಿಟ್ಟ. ರಾತ್ರಿಯಿಡೀ ಹಿಡಿಯುತ್ತಿದ್ದ ಕೆಲಸ ಈಗ ಊಟ ಮುಗಿಸಿ ಬರುವಷ್ಟರಲ್ಲಿ ಆಗುತ್ತದಂತೆ. ಅವನಿಗೆ ಎಷ್ಟು ಬೇಕಿತ್ತೋ ಅಷ್ಟು ಅದರಲ್ಲಿತ್ತು. ಅವನ ಕೆಲಸ ಏನು, ಅದಕ್ಕೆ ಎಷ್ಟು ಸಾಕು ಎಂದು ನಾನು ಕೇಳಿಯೇ ಇರಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ತಲೆ ತಗ್ಗಿಸಿ ‘ಸಾರಿ ಅಣ್ಣ’ ಎಂದೆ. ಅವನು ನಕ್ಕ. ‘ನಿನ್ನ ಮಾತು ಕೇಳಿ ಕಾದಿದ್ದು ತಪ್ಪಲ್ಲ ಕಣೋ. ಎಷ್ಟು ದಿನ ಅಂತ ಕೇಳದೇ ಕಾದಿದ್ದು ತಪ್ಪು.’

ಈಗ ಯಾರಾದರೂ ಫೋನ್ ಮಾಡಿ ‘ಕಂಪ್ಯೂಟರ್ ಯಾವುದು ತಗೊಳ್ಳಲಿ?’ ಎಂದರೆ, ಮೊದಲು ‘ಕೆಲಸ ಯಾವಾಗ ಶುರು ಮಾಡಬೇಕು?’ ಎಂದು ಕೇಳುತ್ತೇನೆ.