ಕಾರ್ಖಾನೆಗಳು ಬೆಳೆಸಿದ ಫುಟ್‌ಬಾಲ್

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ, ಕರ್ನಾಟಕದ ಹುಡುಗರು ಮೇಘಾಲಯವನ್ನು 3–2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದರು. ರಾಜ್ಯ ರಾಜ್ಯಗಳ ನಡುವಿನ ಈ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಮತ್ತು ಫೈನಲ್ ದೇಶದ ಹೊರಗೆ ನಡೆದದ್ದು ಅದೇ ಮೊದಲು. ಕರ್ನಾಟಕದ ಕೈಗೆ ಈ ಕಪ್ ಬಂದು 54 ವರ್ಷ ಕಳೆದಿತ್ತು. ಹಿಂದಿನ ಸಲ, 1968–69ರಲ್ಲಿ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಹಾಗೆ ನೋಡಿದರೆ ‘ಕರ್ನಾಟಕ’ ಎಂಬ ಹೆಸರಿನಲ್ಲಿ ನಾವು ಸಂತೋಷ್ ಟ್ರೋಫಿ ಗೆದ್ದಿರುವುದು ಈ ಒಂದೇ ಸಲ.

ಈ ಗೆಲುವಿಗೆ ಹಿಂದಿನ ವರ್ಷದ ಪೆಟ್ಟನ್ನು ಸೇರಿಸಿ ನೋಡಬೇಕು. 2022ರ ಏಪ್ರಿಲ್‌ನಲ್ಲಿ ಕೇರಳದ ಮಂಜೇರಿಯಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕರ್ನಾಟಕ ಕೇರಳದ ಎದುರು 7–3ರಿಂದ ಸೋತಿತ್ತು. ಬದಲಿ ಆಟಗಾರನಾಗಿ ಅಂಗಳಕ್ಕೆ ಇಳಿದ ಕೇರಳದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದ. ತವರು ಪ್ರೇಕ್ಷಕರ ಅಬ್ಬರದ ನಡುವೆ ಏಳು ಗೋಲು ತಿಂದ ತಂಡ ವರ್ಷ ತುಂಬುವುದರೊಳಗೆ ಎದ್ದು ನಿಲ್ಲುತ್ತದೆಂದು ನಂಬಿದವರು ಕಡಿಮೆ. ಕೋಚ್ ರವಿ ಬಾಬು ರಾಜು ಅವರ ತಂಡ ಎದ್ದು ನಿಂತಿತು. ರಿಯಾದ್‌ನ ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3–1ರಿಂದ ಮಣಿಸಿತು. ಫೈನಲ್‌ನಲ್ಲಿ ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್ ಗೋಲು ಹೊಡೆದರು. ವಿರಾಮಕ್ಕೆ ಮುಂಚೆಯೇ ಮೂರೂ ಗೋಲುಗಳು ಬಂದಿದ್ದವು. ಎರಡನೇ ಅವಧಿಯಲ್ಲಿ ಮೇಘಾಲಯ ಅಂತರವನ್ನು ಒಂದಕ್ಕೆ ಇಳಿಸಿದ ಮೇಲೆ ಅದನ್ನು ಕೊನೆಯವರೆಗೂ ಕಾಯ್ದುಕೊಂಡದ್ದೇ ಆ ದಿನದ ದೊಡ್ಡ ಸಾಧನೆ.

ಐವತ್ನಾಲ್ಕು ವರ್ಷ ಏಕೆ ಬೇಕಾಯಿತು? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಅದಕ್ಕೂ ಹಿಂದೆ, ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ನಾಲ್ಕು ಕಪ್‌ಗಳು ನಮಗೆ ಹೇಗೆ ಬಂದವು?

ಕಥೆ ಶುರುವಾಗುವುದು ಬೆಂಗಳೂರಿನ ದಂಡಿನಲ್ಲಿ. 1809ರಲ್ಲಿ ಇಂಗ್ಲಿಷರು ಹಲಸೂರಿನ ಬಳಿ ದಂಡು ಕಟ್ಟಿದರು. ಮುಂದೆ ಗೋರಾ ರೆಜಿಮೆಂಟುಗಳ ಜೊತೆ ಫುಟ್‌ಬಾಲ್ ಬಂತು. ಬೇಲಿಯಾಚೆ ನಿಂತು ನೋಡಿದ ಹುಡುಗರು ಅದನ್ನು ಬರಿಗಾಲಲ್ಲಿ ಕಲಿತರು. ಸುತ್ತಮುತ್ತಲ ಬಡ ಬಡಾವಣೆಗಳಲ್ಲಿ, ತಮಿಳು, ಉರ್ದು, ಕನ್ನಡ, ತೆಲುಗು ಬೆರೆತ ಗಲ್ಲಿಗಳಲ್ಲಿ ಆ ಆಟ ಬೇರು ಬಿಟ್ಟಿತು. ಇವತ್ತಿಗೂ ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ.

ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದದ್ದು. ನಲವತ್ತಕ್ಕೂ ಹೆಚ್ಚು ವರ್ಷ ಅದು ಬ್ರಿಟಿಷ್ ಸೈನ್ಯದ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ನಾಗರಿಕರ ತಂಡ ಯಾವುದು ಗೊತ್ತೇ? ಕೋಲ್ಕತ್ತದ್ದಲ್ಲ. ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಅವರೇ ಗೆದ್ದರು. ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಗೆಲುವಿಗೆ ಒಂದು ಪ್ಯಾರಾದಷ್ಟು ಜಾಗವಾದರೂ ಸಿಗಬೇಕೆಂದು ನನ್ನ ಆಸೆ.

ಹನ್ನೊಂದು ವರ್ಷಗಳ ನಂತರ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಎರಡು ಪೆನಾಲ್ಟಿ ಕೈತಪ್ಪಿ ಪಂದ್ಯ 2–1ರಿಂದ ಸೋತೆವು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬ ಅಹಮದ್ ಖಾನ್, ಮುಂದೆ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾಗಿ ಕೋಲ್ಕತ್ತದ ಮನೆಮಾತಾದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿದ್ದ ಕೆಂಪಯ್ಯ ಕೂಡ ನಮ್ಮ ಬೆಂಗಳೂರಿನವರೇ.

ಸಂತೋಷ್ ಟ್ರೋಫಿ 1941ರಲ್ಲಿ ಹುಟ್ಟಿತು. ಮೈಸೂರು ಅದನ್ನು ಗೆದ್ದದ್ದು 1946–47, 1952–53, 1967–68 ಮತ್ತು 1968–69ರಲ್ಲಿ. ನಾಲ್ಕೂ ಫೈನಲ್‌ಗಳಲ್ಲಿ ಎದುರಾಳಿ ಬಂಗಾಳ! ದೇಶದಲ್ಲೇ ಅತಿ ಹೆಚ್ಚು ಸಲ ಈ ಕಪ್ ಗೆದ್ದ ರಾಜ್ಯವನ್ನು ನಾಲ್ಕು ಫೈನಲ್‌ಗಳಲ್ಲಿ ಸೋಲಿಸುವುದು ಅದೃಷ್ಟದ ಮಾತಲ್ಲ.

ಆ ಆಟಗಾರರು ಹೊಟ್ಟೆಗೆ ಏನು ಮಾಡುತ್ತಿದ್ದರು ಎಂದು ಕೇಳಿದರೆ ಉತ್ತರ ತಾನಾಗಿ ಸಿಗುತ್ತದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್ ಅದೇ. 1948ರಲ್ಲಿ ದೂರವಾಣಿ ತಯಾರಿಸುವ ಐಟಿಐ ಬಂತು. ಐವತ್ತರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಬಂದವು. ಈ ಕಾರ್ಖಾನೆಗಳು ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಾಲೆ ಕಟ್ಟಿದವು. ಜೊತೆಗೆ ಆಟದ ಮೈದಾನಗಳನ್ನೂ ಮಾಡಿದವು. ದಂಡಿನ ಗಲ್ಲಿಯ ಹುಡುಗ ಚೆನ್ನಾಗಿ ಆಡಿದರೆ ಆಟಗಾರರ ಕೋಟಾದಲ್ಲಿ ಕೆಲಸ ಸಿಗುತ್ತಿತ್ತು. ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ರಜಾ, ತಿಂಗಳ ಕೊನೆಗೆ ಸಂಬಳ. ಮೊಣಕಾಲು ಕೆಟ್ಟು ಆಟ ನಿಂತ ಮೇಲೂ ನೌಕರಿ ನಿಲ್ಲುತ್ತಿರಲಿಲ್ಲ. ಮಗ ಚೆಂಡಿನ ಹಿಂದೆ ಓಡಿದರೆ ಅಪ್ಪ ಅಮ್ಮ ಹೆದರದೆ ಇದ್ದದ್ದು ಈ ಕಾರಣಕ್ಕೆ.

1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಎರ್ನಾಕುಲಂನಲ್ಲಿ ನಡೆಯಿತು. ಫೈನಲ್‌ನಲ್ಲಿ ಮೋಹನ್ ಬಗಾನ್ ತಂಡವನ್ನು 1–0ರಿಂದ ಸೋಲಿಸಿ ಕಪ್ ಗೆದ್ದದ್ದು ಬೆಂಗಳೂರಿನ ಐಟಿಐ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಇದೇ ಮೋಹನ್ ಬಗಾನ್, ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ವಿರುದ್ಧ 2–2ರ ಸಮಬಲ ಸಾಧಿಸಿತು. ಆ ಪಂದ್ಯವನ್ನು ಇಡೀ ದೇಶ ಇಂದಿಗೂ ನೆನೆಯುತ್ತದೆ. ಅಂಥ ತಂಡವನ್ನು ಕೆಲವೇ ತಿಂಗಳ ಹಿಂದೆ ಫೋನು ತಯಾರಿಸುವ ಕಾರ್ಖಾನೆಯವರು ಮಣಿಸಿದ್ದರು ಎಂಬುದು ನಮ್ಮ ರಾಜ್ಯದಲ್ಲೇ ಎಷ್ಟು ಜನರಿಗೆ ಗೊತ್ತು?

ಯಾವ ಆಟವೂ ಗಾಳಿಯಲ್ಲಿ ಬೆಳೆಯುವುದಿಲ್ಲ, ಅದಕ್ಕೊಂದು ಮನೆ ಬೇಕು. ಬೆಂಗಳೂರಿನಲ್ಲಿ ಆ ಮನೆ ಕಾರ್ಖಾನೆಯಾದರೆ, ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟಕ್ಕೆ ಕಾಲೇಜೇ ಮನೆಯಾಯಿತು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು, ಒಂದೊಂದು ಕಡೆ 25 ಜನರಂತೆ, ಒಂದು ಬಯಲಿನಲ್ಲಿ ಆಡಿದ ಪಂದ್ಯವನ್ನು ಅಲ್ಲಿನವರು ಆರಂಭವೆಂದು ಲೆಕ್ಕ ಹಾಕುತ್ತಾರೆ. 1902ರ ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಹೂವಿನ ಮೆರವಣಿಗೆಯ ಜೊತೆಗೆ ಜನ ಸೇರಿಸಲೆಂದು ಒಂದು ಪಂದ್ಯ ಏರ್ಪಡಿಸಿದರು. ಮಿಷಿಗನ್ 49–0ರಿಂದ ಮುಂದಿದ್ದಾಗ ಸ್ಟ್ಯಾನ್‌ಫರ್ಡ್ ತಂಡ ಸಾಕು ಎಂದು ಕೈಚೆಲ್ಲಿತು. ಋತುವಿನ ಕೊನೆಗೆ ನಡೆಯುವ ‘ಬೌಲ್’ ಪಂದ್ಯಗಳ ಮೂಲ ಅದೇ. ಇಂದು ಮಿಷಿಗನ್ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್ ಎಂಬ ಊರಿನ ಜನಸಂಖ್ಯೆ ಸುಮಾರು 1.2 ಲಕ್ಷ, ಆ ವಿಶ್ವವಿದ್ಯಾಲಯದ ಕ್ರೀಡಾಂಗಣದ ಆಸನಗಳು 1,07,601. ಹಳೆಯ ವಿದ್ಯಾರ್ಥಿಗಳು ಮುದುಕರಾದ ಮೇಲೂ ಶನಿವಾರ ಕಾಲೇಜಿನ ಬಣ್ಣದ ಅಂಗಿ ತೊಟ್ಟು ಬರುತ್ತಾರೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅಲ್ಲಿ ಕೋಚ್‌ಗಳಿಗೆ ಕೋಟಿಗಟ್ಟಲೆ ಸಂಬಳ. ಆಟಗಾರನಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ ಅಷ್ಟೇ. ತನ್ನ ಹೆಸರು, ಚಿತ್ರದಿಂದ ನಾಲ್ಕು ಕಾಸು ದುಡಿಯಲು ಅವನಿಗೆ ಅನುಮತಿ ಸಿಕ್ಕಿದ್ದು 2021ರಲ್ಲಿ. ನಮ್ಮ ಕಾರ್ಖಾನೆಗಳು ಎಪ್ಪತ್ತು ವರ್ಷಗಳ ಹಿಂದೆಯೇ ಆಟಗಾರನನ್ನು ದುಡಿಯುವ ಮನುಷ್ಯ ಎಂದು ಗೌರವಿಸಿ ಕೂಲಿ ಕೊಟ್ಟಿದ್ದವು. ಈ ವಿಷಯದಲ್ಲಿ ನಮ್ಮ ದಾರಿಯೇ ಮೇಲು ಎಂದು ನಾನು ಹೇಳುತ್ತೇನೆ.

ಕಾರ್ಖಾನೆಯ ಅಂಗಳದಲ್ಲಿ ಹುಟ್ಟಿದ ತಂಡಗಳ ವಂಶ ದೊಡ್ಡದು. ಲಂಡನ್ನಿನ ಆರ್ಸೆನಲ್ 1886ರಲ್ಲಿ ವೂಲಿಚ್‌ನ ಮದ್ದುಗುಂಡಿನ ಕಾರ್ಖಾನೆಯ ಕಾರ್ಮಿಕರು ಕಟ್ಟಿದ ತಂಡ. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲು ಬೋಗಿ ಕಾರ್ಖಾನೆಯವರು ಶುರು ಮಾಡಿದ್ದು. ಜರ್ಮನಿಯ ಲೆವರ್ಕುಸೆನ್ ತಂಡ ಬಾಯರ್ ಔಷಧ ಕಂಪನಿಯ ಕಾರ್ಮಿಕರದ್ದು. ನಮ್ಮ ದೇಶದಲ್ಲೇ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ 1987ರಿಂದ ಆಟಗಾರರನ್ನು ತಯಾರು ಮಾಡುತ್ತಿದೆ.

ಹಾಗಾದರೆ ಕರ್ನಾಟಕ ಬಿದ್ದದ್ದೆಲ್ಲಿ? 1970–71ರಲ್ಲಿ ಪಂಜಾಬಿನ ಎದುರು, 1975–76ರಲ್ಲಿ ಬಂಗಾಳದ ಎದುರು ಫೈನಲ್ ಸೋತೆವು. 1983ರ ವಿಶ್ವಕಪ್ ಬಂದ ಮೇಲೆ ಹುಡುಗರ ಕಣ್ಣು ಕ್ರಿಕೆಟ್ಟಿನತ್ತ ಹೊರಳಿತು. ತೊಂಬತ್ತರ ದಶಕದಲ್ಲಿ ಸಾರ್ವಜನಿಕ ಉದ್ದಿಮೆಗಳು ಹೊಸಬರನ್ನು ತೆಗೆದುಕೊಳ್ಳುವುದನ್ನು ಕಡಿಮೆ ಮಾಡಿದವು. ಐಟಿಐ ಸೊರಗಿತು. ಕೆಲಸದ ಭರವಸೆ ಹೋಯಿತು, ಹಿಂದೆಯೇ ಆಟವೂ ಹೋಯಿತು. ಎಚ್‌ಎಎಲ್ ಒಂದು ಮಾತ್ರ ಕೊನೆಯವರೆಗೂ ಹಟ ಬಿಡಲಿಲ್ಲ. 2010–11 ಮತ್ತು 2011–12ರ ಎರಡು ಋತುಗಳಲ್ಲಿ ಅದರ ತಂಡ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್‌ನಲ್ಲಿ ಆಡಿತು. ಉಳಿದ ಹಲವರು ಬ್ರೆಜಿಲ್, ನೈಜೀರಿಯಾದವರನ್ನು ಕರೆತರುತ್ತಿದ್ದ ಕಾಲದಲ್ಲಿ ಈ ತಂಡ ಹೆಚ್ಚಾಗಿ ನಮ್ಮವರನ್ನೇ ನಂಬಿ ಅಂಗಳಕ್ಕಿಳಿಯಿತು. ಪಟ್ಟಿಯ ತಳ ಸೇರಿ ಕೆಳಗಿನ ದರ್ಜೆಗೆ ಇಳಿಯಿತು ನಿಜ. ಆದರೂ ಆ ಸೋಲುಗಳ ಬಗ್ಗೆ ನನಗೆ ಗೌರವವಿದೆ.

ಮರುವರ್ಷವೇ, 2013ರಲ್ಲಿ, ಜೆಎಸ್‌ಡಬ್ಲ್ಯು ಸಮೂಹದ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿ ದೋಹಾದಲ್ಲಿ ಇರಾಕ್‌ನ ವಾಯುಪಡೆ ತಂಡಕ್ಕೆ 1–0ರಿಂದ ಸೋತಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿತು. ಸುನಿಲ್ ಚೆಟ್ರಿ ಆಟ ನೋಡಲು ಕಂಠೀರವ ಕ್ರೀಡಾಂಗಣ ತುಂಬಿತು. ಇದರಿಂದ ಆಟಕ್ಕೆ ಹೊಸ ಜೀವ ಬಂತು, ಅನುಮಾನವಿಲ್ಲ. ಆದರೆ ದೊಡ್ಡ ಕ್ಲಬ್ಬು ನಮಗೆ ಕೊಡುವುದು ನೋಡುವ ಸುಖ. ಗಲ್ಲಿಯ ಹುಡುಗನಿಗೆ ನಾಳೆಯ ಅನ್ನದ ಧೈರ್ಯ ಕೊಡುತ್ತಿದ್ದ ವ್ಯವಸ್ಥೆ ಬೇರೆ, ಅದರ ಜಾಗ ಇನ್ನೂ ಖಾಲಿ ಇದೆ.

ಇಷ್ಟು ದೂರದ ಕಥೆಯನ್ನು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಕುಳಿತು ಏಕೆ ಬರೆಯಬೇಕು? ನಮ್ಮದು ತೆಂಗು, ಅಡಿಕೆಯ ಸೀಮೆ. ಇಲ್ಲಿ ಸಂಜೆಯಾದರೆ ಹುಡುಗರು ವಾಲಿಬಾಲ್ ನೆಟ್ ಕಟ್ಟುತ್ತಾರೆ, ಹಬ್ಬ ಬಂದರೆ ಕಬಡ್ಡಿ ಪಂದ್ಯ ಇಡುತ್ತಾರೆ. ಗುಬ್ಬಿ ಎಂದರೆ ನಾಡಿಗೆಲ್ಲ ವೀರಣ್ಣನವರ ನಾಟಕ ಕಂಪನಿಯ ನೆನಪು. ಫುಟ್‌ಬಾಲ್ ನಮ್ಮ ಊರುಗಳಿಗೆ ಬರಲೇ ಇಲ್ಲ. ಅದನ್ನು ತರುವಂಥ ದಂಡೂ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ.

ಈಗ ಕಾರ್ಖಾನೆ ಬಂದಿದೆ. ನಿಟ್ಟೂರಿಗೆ ದೂರವಲ್ಲದ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಕಟ್ಟಿದೆ. 2016ರಲ್ಲಿ ಶಂಕುಸ್ಥಾಪನೆ ಮಾಡಿದ ಪ್ರಧಾನಿ ನರೇಂದ್ರ ಮೋದಿ ಅವರೇ 2023ರ ಫೆಬ್ರುವರಿ 6ರಂದು ಉದ್ಘಾಟನೆಯನ್ನೂ ಮಾಡಿದರು. ರಿಯಾದ್ ಫೈನಲ್‌ಗೆ ಆಗ ಇನ್ನೂ ಒಂದು ತಿಂಗಳೂ ಇರಲಿಲ್ಲ. ಹಗುರ ಬಳಕೆಯ ಹೆಲಿಕಾಪ್ಟರುಗಳನ್ನು ಮೊದಲಿಗೆ ವರ್ಷಕ್ಕೆ ಸುಮಾರು 30ರಂತೆ ತಯಾರಿಸಿ, ಮುಂದೆ ಸಂಖ್ಯೆ ಹೆಚ್ಚಿಸುವುದು ಯೋಜನೆ. ಬೆಂಗಳೂರಿನ ಫುಟ್‌ಬಾಲ್‌ಗೆ ಮನೆಯಾಗಿದ್ದ ಸಂಸ್ಥೆಯೇ ನಮ್ಮ ತಾಲ್ಲೂಕಿಗೆ ಬಂದು ನೆಲೆಸಿದೆ. ನಾವು ಅದರಿಂದ ಕೇಳಿರುವುದು ಕೆಲಸ, ರಸ್ತೆ, ನೀರು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಆ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕು.

ಅಳತೆಗೆ ಸರಿಯಾದ ಒಂದು ಫುಟ್‌ಬಾಲ್ ಅಂಗಳಕ್ಕೆ ಎರಡು ಎಕರೆ ಸಾಕು. ಅದು ಬೇಲಿಯ ಹೊರಗೆ ಇರಲಿ, ಗುಬ್ಬಿ, ನಿಟ್ಟೂರು, ಕಡಬ, ಚೇಳೂರಿನ ಶಾಲೆಗಳ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಸಂಜೆ ಬಂದು ಹೋಗುವಂತಿರಲಿ. ಎಚ್‌ಎಎಲ್ ತಂಡದಲ್ಲಿ ಆಡಿ ನಿವೃತ್ತರಾದ ಹಿರಿಯರು ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ಒಬ್ಬಿಬ್ಬರನ್ನು ತರಬೇತಿಗೆ ಕರೆಸುವುದು ದೊಡ್ಡ ಖರ್ಚಿನ ಮಾತಲ್ಲ. ಅಂಥ ಸಂಸ್ಥೆಗಳಿಗೆ ಸಾಮಾಜಿಕ ಹೊಣೆಗಾರಿಕೆ ನಿಧಿ ಎಂಬುದು ಕಾನೂನಿನಲ್ಲೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಕಾರ್ಖಾನೆಯ ನೇಮಕಾತಿಯಲ್ಲಿ ಆಟಗಾರರಿಗೆಂದು ಒಂದಷ್ಟು ಹುದ್ದೆಗಳನ್ನು ಮೀಸಲಿಡಬೇಕು. ಬರಿ ಅಂಗಳ ಕೊಟ್ಟರೆ ಮಕ್ಕಳು ಹತ್ತನೇ ತರಗತಿಯವರೆಗೆ ಆಡುತ್ತಾರೆ. ಕೆಲಸದ ದಾರಿ ಕಂಡರೆ ಮಾತ್ರ ಅದರಾಚೆಗೂ ಆಡುತ್ತಾರೆ.

ಗ್ರಾಮ ಪಂಚಾಯಿತಿಗಳು ಮುಂದಿನ ಗ್ರಾಮಸಭೆಯಲ್ಲಿ ಈ ಬಗ್ಗೆ ಒಂದು ನಿರ್ಣಯ ಮಾಡಿ ಕಾರ್ಖಾನೆಗೂ ಶಾಸಕರಿಗೂ ಕಳುಹಿಸಲಿ. ಶಾಲೆಯ ದೈಹಿಕ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ಸಹಿ ಹಾಕಲಿ. ಈ ಲೇಖನ ಓದಿದ ಗುಬ್ಬಿ ತಾಲ್ಲೂಕಿನವರು ತಮ್ಮ ಊರಿನ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ ಎಂಬುದು ನನ್ನ ವಿನಂತಿ.