ಅಳತೆಯ ಸತ್ಯ, ಅಳೆಯುವವನ ಅರ್ಹತೆ

ಮಾನವ ಸಮಾಜದಲ್ಲಿ ಕೊಡುಕೊಳ್ಳುವಿಕೆ ಎಂದು ಆರಂಭವಾಯಿತೋ ಅಂದೇ ಅಳತೆಯೂ ಆರಂಭವಾಯಿತೆನ್ನಬಹುದು. ನಮ್ಮ ಹಿರಿಯರು ಸೇರು, ಬಳ್ಳ, ಕೊಳಗ, ಖಂಡುಗಗಳಿಂದ ಧಾನ್ಯವನ್ನು ಅಳೆದರು. ತೊಲ, ಮಣಗಳಿಂದ ತೂಗಿದರು. ಒಂದು ಸೀಮೆಯ ಸೇರು ಮತ್ತೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ. ಆದರೂ ಊರೊಳಗಿನ ವ್ಯವಹಾರಕ್ಕೆ ಅದರಿಂದ ಹೆಚ್ಚಿನ ಬಾಧೆ ಇರಲಿಲ್ಲ. ಏಕೆಂದರೆ ಅಳೆಯುವವನೂ ಅಳೆಸಿಕೊಳ್ಳುವವನೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಇಂದು ಪರಿಸ್ಥಿತಿ ಬೇರೆಯಾಗಿದೆ. ನಮ್ಮ ರಕ್ತವನ್ನು ಪರೀಕ್ಷಿಸಿದವರ ಮುಖವನ್ನು ನಾವು ಕಾಣೆವು. ನಮ್ಮ ಕೈಗೆ ಬರುವುದು ಒಂದು ಕಾಗದ, ಅದರ ಮೇಲೊಂದು ಸಂಖ್ಯೆ. ಆ ಸಂಖ್ಯೆಯನ್ನು ನಾವು ಏಕೆ ನಂಬಬೇಕು?

ಈ ಪ್ರಶ್ನೆ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಉಪವಾಸದ ಸ್ಥಿತಿಯಲ್ಲಿ 100 ಮಿಲಿಲೀಟರ್ ರಕ್ತರಸದಲ್ಲಿ ಸಕ್ಕರೆಯ ಅಂಶ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ವೈದ್ಯರು ಅದನ್ನು ಮಧುಮೇಹದ ಲಕ್ಷಣವೆಂದು ಪರಿಗಣಿಸುತ್ತಾರೆ. ಒಬ್ಬ ವ್ಯಕ್ತಿಯಲ್ಲಿ ಅದು ವಾಸ್ತವವಾಗಿ 120 ಇದೆಯೆಂದು ಭಾವಿಸೋಣ. ಪ್ರಯೋಗಾಲಯದ ಉಪಕರಣ ಶೇಕಡಾ 5ರಷ್ಟು ಹೆಚ್ಚು ತೋರಿಸುವಂಥದಾದರೆ ವರದಿಯಲ್ಲಿ 126 ಎಂದೇ ಅಚ್ಚಾಗುವುದು. ಸಂಶಯ ಬಂದು ಅದೇ ಉಪಕರಣದಲ್ಲಿ ಹತ್ತು ಬಾರಿ ಪರೀಕ್ಷಿಸಿದರೂ ಅದೇ ತಪ್ಪು ಮರುಕಳಿಸುವುದು. ಪುನರಾವರ್ತನೆಯಿಂದ ಈ ಬಗೆಯ ದೋಷ ಪರಿಹಾರವಾಗದು. ಹೊರಗಿನ ಒಂದು ಸತ್ಯದೊಡನೆ ಹೋಲಿಸಿದಾಗ ಮಾತ್ರ ಅದು ಬಯಲಾಗುವುದು.

ಆದುದರಿಂದ ಯಾವುದೇ ಅಳತೆಯನ್ನು ನಂಬುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಬಳಸಿದ ಮಾನ ಸರಿಯೇ? ಅದನ್ನು ಬಳಸಿದವನು ಸಮರ್ಥನೇ? ಮೊದಲನೆಯದಕ್ಕೆ ಉತ್ತರ ಕೊಡುವವು ಮಾಪನ ವಿಜ್ಞಾನದ ಸಂಸ್ಥೆಗಳು. ಎರಡನೆಯದಕ್ಕೆ, ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ಸಂಸ್ಥೆಗಳು. ಇವೆರಡೂ ಕೈಜೋಡಿಸದೆ ಒಂದರ ಉತ್ತರವೂ ಪೂರ್ಣವಾಗದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮಾನದ ಮೂಲ

1875ರ ಮೇ 20ರಂದು ಪ್ಯಾರಿಸ್ ನಗರದಲ್ಲಿ 17 ರಾಷ್ಟ್ರಗಳು ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಫಲವಾಗಿ ಸಮೀಪದ ಸೆವ್ರ್ ಎಂಬಲ್ಲಿ ಅಂತಾರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಾರ್ಯಾಲಯ ಸ್ಥಾಪಿತವಾಯಿತು. 1889ರಿಂದ ಮೊದಲ್ಗೊಂಡು ಅಲ್ಲಿ ಕಾಪಾಡಿದ್ದ ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಒಂದು ಬೊಟ್ಟೇ ಜಗತ್ತಿಗೆಲ್ಲ ಕಿಲೋಗ್ರಾಂ ಆಗಿತ್ತು. ಆದರೆ ಒಂದು ಶತಮಾನದ ಅವಧಿಯಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂಗಳಷ್ಟು ಅಂತರ ಕಾಣಿಸಿಕೊಂಡಿತು. ಮಾನವೇ ಚಲಿಸಿದರೆ ಅಳತೆಗೆ ನೆಲೆಯೆಲ್ಲಿ? ಈ ಕಾರಣದಿಂದ 2019ರ ಮೇ 20ರಿಂದ ಕಿಲೋಗ್ರಾಂ ಅನ್ನು ಲೋಹದ ತುಂಡಿನಿಂದ ಬಿಡಿಸಿ, ಪ್ಲಾಂಕ್ ಸ್ಥಿರಾಂಕವೆಂಬ ನಿಸರ್ಗದ ಅಚಲ ಪ್ರಮಾಣದ ಆಧಾರದಿಂದ ನಿರೂಪಿಸಲಾಗಿದೆ.

ಭಾರತದಲ್ಲಿ ಈ ಹೊಣೆಯನ್ನು ಹೊತ್ತಿರುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. 1947ರ ಜನವರಿ 4ರಂದು ಜವಾಹರಲಾಲ ನೆಹರೂ ಅವರು ಇದಕ್ಕೆ ಅಡಿಗಲ್ಲನ್ನಿಟ್ಟರು, ಕೆ. ಎಸ್. ಕೃಷ್ಣನ್ ಅವರು ಇದರ ಮೊದಲ ನಿರ್ದೇಶಕರಾದರು. 57ನೆಯ ಸಂಖ್ಯೆಯ ಕಿಲೋಗ್ರಾಂ ಪ್ರತಿ ಇಲ್ಲಿಯೇ ಇದೆ. ಇಲ್ಲಿಂದ ಹೊರಟ ಮಾನವು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ವ್ಯಾಪಾರದ ತೂಕಗಳ ವಿಷಯದಲ್ಲಿ, ಬೆಂಗಳೂರಿನಲ್ಲಿರುವಂಥ ಪ್ರಾದೇಶಿಕ ಪ್ರಯೋಗಾಲಯಗಳ ಮೂಲಕ ರಾಜ್ಯದ ಮಾನಗಳಿಗೂ, ಅಲ್ಲಿಂದ ಇನ್‌ಸ್ಪೆಕ್ಟರರ ಪೆಟ್ಟಿಗೆಯಲ್ಲಿರುವ ಬೊಟ್ಟುಗಳಿಗೂ, ಕೊನೆಗೆ ಅಂಗಡಿಯ ತಕ್ಕಡಿಗೂ ಅದು ತಲುಪುವುದು. ಪ್ರತಿ ಮೆಟ್ಟಿಲಿನಲ್ಲೂ ಮೇಲಿನ ಮಾನದೊಡನೆ ಕೆಳಗಿನದನ್ನು ಹೋಲಿಸಿ ವ್ಯತ್ಯಾಸವನ್ನು ಬರೆದಿಡುವ ಕಾರ್ಯಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ಈ ಸರಪಳಿ ಎಲ್ಲಿಯೂ ಕಡಿಯದಿದ್ದರೆ ಮಾತ್ರ ಅಳತೆಗೆ ವಂಶಾವಳಿ ಇದೆಯೆಂದು ಹೇಳಬಹುದು.

ಅಳೆಯುವವನ ಪರೀಕ್ಷೆ

ಆದರೆ ಶುದ್ಧವಾದ ತೂಕ ಅಶಿಕ್ಷಿತನ ಕೈ ಸೇರಿದರೆ ಫಲವೇನು? ಕೋಣೆಯ ಉಷ್ಣತೆ ಏರಿಳಿಯಬಹುದು, ಬೊಟ್ಟಿಗೆ ಬೆರಳಿನ ಜಿಡ್ಡು ಅಂಟಬಹುದು, ಲೆಕ್ಕ ತಪ್ಪಬಹುದು, ಮಾದರಿಗಳು ಅದಲುಬದಲಾಗಬಹುದು. ಇವನ್ನೆಲ್ಲ ಸ್ಥಳಕ್ಕೆ ಹೋಗಿ ಪರಿಶೀಲಿಸಿ, ‘ಈ ಪ್ರಯೋಗಾಲಯ ಇಂತಿಂಥ ಅಳತೆಗಳಿಗೆ ಸಮರ್ಥವಾಗಿದೆ’ ಎಂದು ಸಾರುವುದೇ ಮಾನ್ಯತಾ ಸಂಸ್ಥೆಯ ಕೆಲಸ. 1947ರಲ್ಲಿ ಆಸ್ಟ್ರೇಲಿಯಾ ದೇಶವು ಇಂಥ ಮೊದಲ ರಾಷ್ಟ್ರೀಯ ವ್ಯವಸ್ಥೆಯನ್ನು ರೂಪಿಸಿತು. ನಮ್ಮಲ್ಲಿನ ರಾಷ್ಟ್ರೀಯ ಪ್ರಯೋಗಾಲಯ ಮಾನ್ಯತಾ ಮಂಡಲಿ, ಅಂದರೆ ಎನ್‌ಎಬಿಎಲ್, ಈಗ ಭಾರತೀಯ ಗುಣಮಟ್ಟ ಮಂಡಲಿಯ ಅಂಗವಾಗಿದೆ. ಪರೀಕ್ಷೆಯ ಮತ್ತು ಕ್ಯಾಲಿಬ್ರೇಷನ್ನಿನ ಪ್ರಯೋಗಾಲಯಗಳಿಗೆ ಐಎಸ್‌ಒ 17025 ಎಂಬುದೂ ವೈದ್ಯಕೀಯ ಪ್ರಯೋಗಾಲಯಗಳಿಗೆ ಐಎಸ್‌ಒ 15189 ಎಂಬುದೂ ಪರಿಶೀಲನೆಯ ಅಳತೆಗೋಲುಗಳಾಗಿವೆ.

ಎರಡು ಹಾದಿಗಳ ಕೂಡುವಿಕೆ

1999ರ ಅಕ್ಟೋಬರ್ 14ರಂದು 38 ರಾಷ್ಟ್ರಗಳ ಮಾಪನ ಸಂಸ್ಥೆಗಳ ನಿರ್ದೇಶಕರು ಪ್ಯಾರಿಸಿನಲ್ಲಿ ಒಂದು ಒಡಂಬಡಿಕೆಗೆ ಸಹಿ ಮಾಡಿ, ಪರಸ್ಪರರ ಮಾನಗಳನ್ನೂ ಪ್ರಮಾಣಪತ್ರಗಳನ್ನೂ ಒಪ್ಪಿಕೊಂಡರು. ಮರುವರ್ಷದ ನವೆಂಬರ್ 2ರಂದು ಮಾನ್ಯತಾ ಸಂಸ್ಥೆಗಳು ಐಲ್ಯಾಕ್ ಎಂಬ ತಮ್ಮ ಅಂತಾರಾಷ್ಟ್ರೀಯ ಕೂಟದ ಆಶ್ರಯದಲ್ಲಿ ಅಂಥದೇ ಒಪ್ಪಂದವನ್ನು ವಾಷಿಂಗ್ಟನ್ನಿನಲ್ಲಿ ಮಾಡಿಕೊಂಡವು. ಎರಡೂ ಒಳ್ಳೆಯವೇ, ಆದರೆ ಬೇರೆ ಬೇರೆಯಾಗಿ ನಡೆದಿದ್ದರೆ ಎರಡು ಭಾಷೆಗಳು ಬೆಳೆದು ಗೊಂದಲವೇ ಹೆಚ್ಚುತ್ತಿತ್ತು. ಇದನ್ನರಿತು 2001ರಲ್ಲಿ ಇಬ್ಬಣದವರೂ ಸಹಕಾರದ ಒಪ್ಪಂದವನ್ನು ಬರೆದುಕೊಂಡರು.

ಆ ಸಹಕಾರದ ಒಂದು ಫಲವನ್ನು ಇಲ್ಲಿ ಹೇಳುವುದು ಉಚಿತ. ಒಂದು ಪ್ರಯೋಗಾಲಯ ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲದೆಂಬುದಕ್ಕೆ ಮಾಪನ ಸಂಸ್ಥೆಗಳು ಒಂದು ಹೆಸರನ್ನೂ ಮಾನ್ಯತಾ ಸಂಸ್ಥೆಗಳು ಮತ್ತೊಂದು ಹೆಸರನ್ನೂ ಬಳಸುತ್ತಿದ್ದವು. ಅರ್ಥದಲ್ಲಿಯೂ ಸ್ವಲ್ಪ ಭೇದವಿತ್ತು. 2007ರಲ್ಲಿ ಜಂಟಿ ಸಮಿತಿಯೊಂದು ಇದನ್ನು ಬಗೆಹರಿಸಿ ಇಬ್ಬರಿಗೂ ಒಂದೇ ಪದವನ್ನೂ ಒಂದೇ ಅರ್ಥವನ್ನೂ ನಿಶ್ಚಯಿಸಿತು. ವೈದ್ಯಕೀಯ ಪರೀಕ್ಷೆಗಳ ಕ್ಷೇತ್ರದಲ್ಲಿಯೂ 2002ರಲ್ಲಿ ಮಾಪನ ಸಂಸ್ಥೆ, ಮಾನ್ಯತಾ ಕೂಟ ಮತ್ತು ವೈದ್ಯಕೀಯ ರಸಾಯನಶಾಸ್ತ್ರಜ್ಞರ ಅಂತಾರಾಷ್ಟ್ರೀಯ ಒಕ್ಕೂಟ, ಈ ಮೂರೂ ಸೇರಿ ಜಂಟಿ ಸಮಿತಿಯೊಂದನ್ನು ರಚಿಸಿದವು. ರಕ್ತದ ಸಕ್ಕರೆಯಂಥ ಅಳತೆಗಳಿಗೆ ನಂಬಬಹುದಾದ ಮೂಲದ್ರವ್ಯಗಳಾವುವು, ವಿಧಾನಗಳಾವುವು ಎಂಬ ಪಟ್ಟಿಯನ್ನು ಅದು ಸಿದ್ಧಪಡಿಸುತ್ತದೆ.

ಒಂದು ಚಿಕ್ಕ ಲೆಕ್ಕ

ಈ ಸಹಕಾರ ನಿತ್ಯದಲ್ಲಿ ಹೇಗೆ ನಡೆಯುವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಬೊಟ್ಟಿನ ತೂಕವನ್ನು ಮಾಪನ ಸಂಸ್ಥೆ ಮೊದಲು ನಿರ್ಣಯಿಸುತ್ತದೆ. ತನ್ನ ಅಳತೆಯಲ್ಲಿ 0.1 ಮಿಲಿಗ್ರಾಂ ಅನಿಶ್ಚಿತತೆ ಇದೆಯೆಂದು ತಾನೇ ಹೇಳುತ್ತದೆ. ಬಳಿಕ ಅದೇ ಬೊಟ್ಟನ್ನು ಒಂದು ಪ್ರಯೋಗಾಲಯಕ್ಕೆ ಕಳುಹಿಸಲಾಗುವುದು. ಅಲ್ಲಿನ ಉತ್ತರದಲ್ಲಿ 0.3 ಮಿಲಿಗ್ರಾಂ ವ್ಯತ್ಯಾಸ ಕಂಡಿತೆನ್ನೋಣ. ಆ ಪ್ರಯೋಗಾಲಯವು ತನ್ನ ಅನಿಶ್ಚಿತತೆ 0.4 ಮಿಲಿಗ್ರಾಂ ಎಂದು ಒಪ್ಪಿಕೊಂಡಿದ್ದರೆ, ಎರಡೂ ಅನಿಶ್ಚಿತತೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಾಗ ಸುಮಾರು 0.41 ಬರುತ್ತದೆ. ವ್ಯತ್ಯಾಸ ಅದಕ್ಕಿಂತ ಕಡಿಮೆ. ಆದುದರಿಂದ ಪ್ರಯೋಗಾಲಯ ತೇರ್ಗಡೆಯಾಯಿತು. ಅದೇ ಪ್ರಯೋಗಾಲಯ ‘ನಮ್ಮ ಅನಿಶ್ಚಿತತೆ ಕೇವಲ 0.1’ ಎಂದು ಹೇಳಿಕೊಂಡಿದ್ದರೆ ಉತ್ತರ ಸುಮಾರು 0.14 ಆಗುತ್ತಿತ್ತು, ವ್ಯತ್ಯಾಸ ಅದರ ಎರಡು ಪಟ್ಟನ್ನೂ ಮೀರಿದುದರಿಂದ ಅದು ಅನುತ್ತೀರ್ಣವಾಗುತ್ತಿತ್ತು. ಬೊಟ್ಟು ಅದೇ, ಅಳತೆಯೂ ಅದೇ; ಸೋಲಿಸಿದ್ದು ಹೆಚ್ಚುಗಾರಿಕೆ.

ಇಲ್ಲಿ ಮೂಲ ಬೆಲೆಯನ್ನು ಒದಗಿಸಿದುದು ಮಾಪನ ಸಂಸ್ಥೆ; ಫಲಿತಾಂಶವನ್ನು ನೋಡಿ ಪ್ರಯೋಗಾಲಯದ ಯೋಗ್ಯತೆಯನ್ನು ತೀರ್ಮಾನಿಸುವುದು ಮಾನ್ಯತಾ ಸಂಸ್ಥೆ. ಮೊದಲನೆಯದು ಇಲ್ಲದಿದ್ದರೆ ತೀರ್ಪಿಗೆ ಆಧಾರವಿಲ್ಲ. ಎರಡನೆಯದು ಇಲ್ಲದಿದ್ದರೆ ಆಧಾರವಿದ್ದರೂ ತೀರ್ಪಿಲ್ಲ. ಒಂದು ದೇಶದಲ್ಲಿ ಇರುವ ಸಾವಿರಾರು ಪ್ರಯೋಗಾಲಯಗಳಿಗೂ ಮಾಪನ ಸಂಸ್ಥೆಯೇ ಹೋಗಿ ಪರಿಶೀಲಿಸುವುದು ಅಸಾಧ್ಯ. ಮಾನ್ಯತಾ ಸಂಸ್ಥೆಯು ತಾನೇ ಕಿಲೋಗ್ರಾಂ ಅನ್ನು ಸೃಷ್ಟಿಸುವುದೂ ಅಸಾಧ್ಯ.

ನಮ್ಮ ಕರ್ತವ್ಯ

ಇದರಿಂದ ನಮ್ಮಂಥ ಸಾಮಾನ್ಯರು ಗ್ರಹಿಸಬೇಕಾದುದೇನು? ಮೊದಲನೆಯದಾಗಿ, ಮಾನ್ಯತೆ ಎಂಬುದು ಪ್ರಯೋಗಾಲಯದ ಎಲ್ಲ ಕೆಲಸಕ್ಕೂ ಹೊದಿಸಿದ ಶಾಲಲ್ಲ. ಅದರ ವ್ಯಾಪ್ತಿಪಟ್ಟಿಯಲ್ಲಿ ಹೆಸರಿಸಿದ ಪರೀಕ್ಷೆಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ನೀರನ್ನು ಪರೀಕ್ಷಿಸಲು ಮಾನ್ಯತೆ ಪಡೆದ ಪ್ರಯೋಗಾಲಯ ಮಣ್ಣಿನ ಪರೀಕ್ಷೆಗೂ ಮಾನ್ಯವೆಂದು ತಿಳಿಯಬಾರದು. ಪಟ್ಟಿಯನ್ನು ಕೇಳಿ ನೋಡಬೇಕು.

ಎರಡನೆಯದಾಗಿ, ದಾನಿಗಳಲ್ಲಿ ಒಂದು ವಿಜ್ಞಾಪನೆ. ಆಸ್ಪತ್ರೆಗೋ ಶಾಲೆಗೋ ಉಪಕರಣವನ್ನು ಕೊಡುವುದು ಪುಣ್ಯದ ಕೆಲಸವೇ ಸರಿ. ಆದರೆ ಕೊಟ್ಟ ದಿನದ ನಿಷ್ಕೃಷ್ಟತೆ ಎಂದೆಂದಿಗೂ ಉಳಿಯುವುದಿಲ್ಲ. ಕಾಲಕಾಲಕ್ಕೆ ಅದರ ಕ್ಯಾಲಿಬ್ರೇಷನ್ನಿಗೆ ಬೇಕಾದ ವೆಚ್ಚವನ್ನೂ ದಾನದೊಡನೆ ಸೇರಿಸಿಕೊಟ್ಟರೆ ಆ ಉಪಕರಣ ನಿಜವನ್ನು ಹೇಳುತ್ತಿರುತ್ತದೆ. ಇಲ್ಲವಾದರೆ ಹೊಳಪು ಮಾಸದೆಯೇ ಸುಳ್ಳು ಹೇಳತೊಡಗುತ್ತದೆ.

ಮೂರನೆಯದಾಗಿ, ಇದು ಉಪಾಧ್ಯಾಯರ ಕೈಯಲ್ಲಿರುವ ಕೆಲಸ. ಶಾಲೆಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯ ಉತ್ತರ ಪುಸ್ತಕದ ಉತ್ತರಕ್ಕೆ ಸರಿಹೊಂದಿದರೆ ಅಂಕ, ಇಲ್ಲವಾದರೆ ಇಲ್ಲ ಎಂಬ ರೂಢಿ ಇದ್ದಲ್ಲಿ ಹುಡುಗನು ಅಳೆಯುವುದನ್ನು ಬಿಟ್ಟು ಉತ್ತರವನ್ನು ತಿದ್ದುವುದನ್ನು ಕಲಿಯುತ್ತಾನೆ. ಅದರ ಬದಲು ತಾನು ಕಂಡುದನ್ನೇ ಬರೆದು, ಅದು ಎಷ್ಟರಮಟ್ಟಿಗೆ ಸಂದೇಹಾಸ್ಪದವೆಂಬುದನ್ನೂ ಪಕ್ಕದಲ್ಲಿ ಬರೆಯುವಂತೆ ಅವನಿಗೆ ಕಲಿಸಬೇಕು. ಒಂದೇ ತಂತಿಯ ಉದ್ದವನ್ನು ಹತ್ತು ಮಂದಿ ಬೇರೆ ಬೇರೆಯಾಗಿ ಅಳೆದು ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದರೂ ಸಾಕು. ಮೇಲೆ ಹೇಳಿದ ಮಹಾವ್ಯವಸ್ಥೆಯ ಬೀಜ ಅಲ್ಲಿಯೇ ಅವರಿಗೆ ಕಾಣುವುದು.

ರಾಷ್ಟ್ರಗಳು ಒಪ್ಪಂದಗಳನ್ನು ಮಾಡಿಕೊಳ್ಳಬಲ್ಲವು, ಸಂಸ್ಥೆಗಳು ನಿಯಮಗಳನ್ನು ರಚಿಸಬಲ್ಲವು. ಆದರೆ ಕಟ್ಟಕಡೆಗೆ ತಕ್ಕಡಿಯ ಮುಂದೆ ನಿಲ್ಲುವವನು ಒಬ್ಬ ಮನುಷ್ಯ. ಕಂಡುದನ್ನು ಕಂಡಂತೆ ಬರೆಯುವ, ತನ್ನ ಮಿತಿಯನ್ನು ಮರೆಮಾಚದಿರುವ ಗುಣವನ್ನು ಅವನು ಎಲ್ಲಿಯಾದರೂ ಕಲಿತಿರಬೇಕು. ಆ ಕಲಿಕೆಗೆ ಶಾಲೆಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ.