ಉಚಿತ ಪಾಠಕ್ಕೆ ಬೇಕಾದ ಗುರು

ಪ್ರವೇಶ ಪರೀಕ್ಷೆಯಾಗಲಿ ಶುಲ್ಕವಾಗಲಿ ಇಲ್ಲದೆ, ಅಂತರ್ಜಾಲ ಸಂಪರ್ಕವಿರುವ ಯಾರು ಬೇಕಾದರೂ ಸೇರಬಹುದಾದ ವಿಶ್ವವಿದ್ಯಾಲಯ ಮಟ್ಟದ ಕೋರ್ಸುಗಳಿಗೆ ಶಿಕ್ಷಣ ವಲಯದಲ್ಲಿ ‘ಮೂಕ್’ ಎಂಬ ಹೆಸರಿದೆ. ಅಮೆರಿಕದ ಎಂಐಟಿ ಸಂಸ್ಥೆ ತನ್ನ ಪಾಠಸಾಮಗ್ರಿಯನ್ನು ಎಲ್ಲರಿಗೂ ತೆರೆದಿಡುವುದಾಗಿ 2001ರಲ್ಲಿ ಘೋಷಿಸಿದ್ದು ಇದಕ್ಕೆ ದಾರಿ ಮಾಡಿತು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಸೆಬಾಸ್ಟಿಯನ್ ತ್ರನ್ ಮತ್ತು ಪೀಟರ್ ನಾರ್ವಿಗ್ ನಡೆಸಿದ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದಾಗ ಜಗತ್ತು ಇದರತ್ತ ತಿರುಗಿ ನೋಡಿತು; ಮರುವರ್ಷವೇ ಇಂಥ ಕೋರ್ಸುಗಳನ್ನು ನೀಡುವ ವೇದಿಕೆಗಳಾದ ಕೋರ್ಸೆರಾ ಮತ್ತು ಎಡ್‌ಎಕ್ಸ್ ಹುಟ್ಟಿಕೊಂಡವು.

ಆದರೆ ಸೇರಿದವರೆಲ್ಲ ಕಲಿತರೆ? ಎಂಐಟಿ ಮತ್ತು ಹಾರ್ವರ್ಡ್ ಎಡ್‌ಎಕ್ಸ್ ಮೂಲಕ ನೀಡಿದ ಕೋರ್ಸುಗಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017-18ರಲ್ಲಿ ಕೋರ್ಸ್ ಮುಗಿಸಿದವರು ನೋಂದಾಯಿತರಲ್ಲಿ ಶೇ 3ರಷ್ಟು ಮಾತ್ರ. ಕುತೂಹಲಕ್ಕೆಂದು ಇಣುಕಿದವರೂ ಈ ಲೆಕ್ಕದಲ್ಲಿ ಸೇರಿರುವುದರಿಂದ ಇದನ್ನು ಸೋಲೆಂದೇ ಹೇಳಲಾಗದು. ಪ್ರಮಾಣಪತ್ರಕ್ಕೆ ಹಣ ಕಟ್ಟಿದವರಲ್ಲಿ ಶೇ 46ರಷ್ಟು ಮಂದಿ ಕೊನೆ ಮುಟ್ಟಿದ್ದರು. ಹೆಚ್ಚು ಕಳವಳಕಾರಿಯಾದುದು 2013ರ ಇನ್ನೊಂದು ಅನುಭವ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ರಾಜ್ಯ ವಿಶ್ವವಿದ್ಯಾಲಯವು ತ್ರನ್ ಅವರ ಯುಡಾಸಿಟಿ ಕಂಪನಿಯೊಡನೆ ಕಡಿಮೆ ಶುಲ್ಕದ ಗಣಿತ ಕೋರ್ಸುಗಳನ್ನು ಆರಂಭಿಸಿದಾಗ, ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಅನುತ್ತೀರ್ಣರಾದರು, ಅವರಲ್ಲಿ ಅನೇಕರು ಮೊದಲೇ ಗಣಿತದಲ್ಲಿ ಹಿಂದುಳಿದಿದ್ದವರು. ಅಗತ್ಯ ಹೆಚ್ಚಿದ್ದವರಿಗೇ ಪ್ರಯೋಜನ ಕಡಿಮೆಯಾದುದು ಈ ವ್ಯವಸ್ಥೆಯ ಮೂಲಭೂತ ಕೊರತೆಯನ್ನು ತೋರಿಸುತ್ತದೆ: ಪಾಠ ದೊರೆಯಿತು, ಎಡವಿದಲ್ಲಿ ಹಿಡಿದು ನಿಲ್ಲಿಸುವವರು ದೊರೆಯಲಿಲ್ಲ.

ಭಾರತದಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಕಟ್ಟಿದ ‘ಎನ್‌ಪಿಟಿಇಎಲ್’ ಎಂಬ ಆನ್‌ಲೈನ್ ಕೋರ್ಸುಗಳ ಯೋಜನೆಯು ಕಲಿತದ್ದನ್ನು ಖಚಿತವಾಗಿ ಪರೀಕ್ಷಿಸುವ ದಾರಿಯೊಂದನ್ನಾದರೂ ಕಂಡುಕೊಂಡಿದೆ. ಇಲ್ಲಿ ಕಲಿಕೆ ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ನಿಗದಿತ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಗೆ ಶೇ 75, ವಾರವಾರದ ಅಭ್ಯಾಸಗಳಿಗೆ ಶೇ 25 ಅಂಕಗಳಿರುವುದರಿಂದ, ಅಭ್ಯಾಸದ ಉತ್ತರಗಳನ್ನು ಎಲ್ಲಿಂದಲೋ ನಕಲು ಮಾಡಿದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಐಐಟಿಯ ಮೆಟ್ಟಿಲು ಹತ್ತಲಾಗದ ಸಣ್ಣ ಊರಿನ ವಿದ್ಯಾರ್ಥಿಗೆ ಅಲ್ಲಿನ ಪ್ರಾಧ್ಯಾಪಕರ ಬೋಧನೆ ಮನೆಯಲ್ಲೇ ಕೇಳಸಿಗುವುದು ನಿಜಕ್ಕೂ ದೊಡ್ಡ ಸಂಗತಿ.

ಹಾಗಿದ್ದೂ ಬಹುಪಾಲು ಉಪನ್ಯಾಸಗಳು ಇಂಗ್ಲಿಷಿನಲ್ಲಿವೆ, ಪ್ರಯೋಗಾಲಯದ ಕೆಲಸ ಪರದೆಯ ಮೇಲೆ ಕೈಗೆ ಹತ್ತುವುದಿಲ್ಲ. ಇದರ ನಡುವೆ, ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯ ಮೂಲಕ ಪೂರೈಸಲು ಯುಜಿಸಿ 2021ರಲ್ಲಿ ಅವಕಾಶ ನೀಡಿತು. ಅಧ್ಯಾಪಕರಿಲ್ಲದ ವಿಷಯವನ್ನು ಕಲಿಸಲು ಇದು ನೆರವಾಗಬಲ್ಲದು. ಖಾಲಿ ಹುದ್ದೆಗಳನ್ನು ಖಾಲಿಯಾಗಿಯೇ ಉಳಿಸಲು ನೆಪವಾಗಿಯೂ ಒದಗಬಲ್ಲದು. ಕೋರ್ಸ್ ಆಯ್ದುಕೊಂಡವರ ಸಂದೇಹಗಳನ್ನು ಪರಿಹರಿಸಲು ವೇಳಾಪಟ್ಟಿಯಲ್ಲೇ ವಾರಕ್ಕೊಂದು ಗಂಟೆ ಮೀಸಲಿಟ್ಟು, ಅದನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಎಣಿಸುವ ಕಾಲೇಜಿನಲ್ಲಿ ಈ ಅವಕಾಶ ವಿದ್ಯಾರ್ಥಿಗೆ ಒದಗುತ್ತದೆ. ಉಳಿದೆಡೆ ಅದು ಆಡಳಿತ ಮಂಡಳಿಯ ಖರ್ಚು ಉಳಿಸುವ ಉಪಾಯವಷ್ಟೇ ಆಗುತ್ತದೆ.